ಆಯ್ದಕ್ಕಿ ಲಕ್ಕಮ್ಮನ ಅಳತೆಯೂ ನಮ್ಮ ಕೈಯ ಮೊಬೈಲೂ



ಒಬ್ಬ ಶರಣರ ಅಥವಾ ಶರಣೆಯ ನುಡಿಯನ್ನು ಎದುರಿಗಿಟ್ಟುಕೊಂಡು ಅದರ ಅಂತರಾರ್ಥವನ್ನು ಚಿಂತಿಸುವುದು ನಮ್ಮ ರೂಢಿ. ಈ ಸಲ ವ್ಯಾಖ್ಯಾನಕ್ಕೆಂದು ಕುಳಿತಾಗ ನನ್ನ ಮನಸ್ಸು ಪದಗಳ ಅರ್ಥದ ಕಡೆಗೆ ಹೋಗಲಿಲ್ಲ. 2023ರಲ್ಲಿ ನನ್ನಿಂದಲೇ ಘಟಿಸಿದ ಒಂದು ಲೋಪದ ಕಡೆಗೆ ಹೊರಳಿತು. ಆ ಲೋಪವನ್ನು ಬಚ್ಚಿಟ್ಟುಕೊಂಡು ಶರಣರ ನುಡಿಗೆ ಅರ್ಥ ಹೇಳುವ ಅಧಿಕಾರ ನನಗಿಲ್ಲ ಎನಿಸಿತು. ಆದುದರಿಂದ ಈ ಲೇಖನವನ್ನು ವ್ಯಾಖ್ಯಾನವೆಂದಲ್ಲ, ಒಂದು ತಪ್ಪೊಪ್ಪಿಗೆಯೆಂದು ತಾವು ಸ್ವೀಕರಿಸಬೇಕು.

ಸಂಪಗಾಂವ ದೊಡ್ಡ ಊರೇನೂ ಅಲ್ಲ. ಬ್ರಿಟಿಷರ ಕಾಲದಲ್ಲಿ ಒಂದು ತಾಲೂಕಿಗೆ ತನ್ನ ಹೆಸರನ್ನು ಕೊಟ್ಟಿದ್ದ ಈ ಊರು ಇಂದು ಬೈಲಹೊಂಗಲ ತಾಲೂಕಿನ ಒಂದು ಗ್ರಾಮವಾಗಿ ಉಳಿದಿದೆ. ಇಲ್ಲಿಯ ಮಠದಲ್ಲಿ ಪುಸ್ತಕಗಳನ್ನು ನೋಡಿಕೊಳ್ಳುವುದು, ಶಿವಾನುಭವ ಗೋಷ್ಠಿಗೆ ಟಿಪ್ಪಣಿ ಸಿದ್ಧಪಡಿಸುವುದು, ಪೂಜ್ಯರ ಪ್ರವಚನಗಳನ್ನು ಬರೆದಿಡುವುದು ನನ್ನ ಕಾಯಕ. ಕನ್ನಡದಲ್ಲಿ ಎಂ.ಎ. ಓದಿದವನೆಂಬ ಕಾರಣಕ್ಕೆ 2020ರ ಲಾಕ್‌ಡೌನ್ ಕಾಲದಲ್ಲಿ ಇನ್ನೊಂದು ಹೊಣೆಯೂ ನನ್ನ ಪಾಲಿಗೆ ಬಂದಿತು. ಮಠದ ಬಾಗಿಲು ಮುಚ್ಚಿತ್ತು, ಗೋಷ್ಠಿ ನಿಂತಿತ್ತು. ಭಕ್ತರನ್ನು ಒಂದುಗೂಡಿಸಲು ಒಂದು ವಾಟ್ಸಾಪ್ ಬಳಗವನ್ನು ಕಟ್ಟಿ, ದಿನಕ್ಕೊಂದು ವಚನವನ್ನು ಅರ್ಥಸಹಿತ ಕಳಿಸಬೇಕೆಂದು ನಿರ್ಧಾರವಾಯಿತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಇಂಟರ್‌ನೆಟ್ ಅಗ್ಗವಾಗಿ, ಹೊಲದಲ್ಲಿ ಗಳೆ ಹೊಡೆಯುವವನ ಅಂಗಿಯ ಜೇಬಿಗೂ ಮೊಬೈಲು ಬಂದಿದ್ದ ಕಾಲವದು. ಬಳಗ ಬೇಗನೆ ಬೆಳೆಯಿತು.

ಮೊದಲ ಆರು ತಿಂಗಳು ನಾನು ಆ ಕೆಲಸವನ್ನು ಶ್ರದ್ಧೆಯಿಂದಲೇ ಮಾಡಿದೆ. ರಾತ್ರಿ ಸಂಪುಟವನ್ನು ತೆರೆದು, ಒಂದು ವಚನವನ್ನು ಆಯ್ದು, ಕಠಿಣ ಪದಗಳಿಗೆ ಅರ್ಥ ಬರೆದು, ಮುಂಜಾನೆ ಕಳಿಸುತ್ತಿದ್ದೆ. ಕ್ರಮೇಣ ಏನಾಯಿತೆಂದರೆ, ಕಳಿಸುವುದಕ್ಕಿಂತ ಕಳಿಸಿದ ಮೇಲೆ ನೋಡುವುದು ಹೆಚ್ಚಾಯಿತು. ಎಷ್ಟು ಜನ ಓದಿದರು? ಎಷ್ಟು ಜನ ಕೈಮುಗಿದ ಚಿಹ್ನೆ ಹಾಕಿದರು? ಯಾವ ಮಠದ ಬಳಗ ನಮ್ಮದಕ್ಕಿಂತ ದೊಡ್ಡದು? ನನ್ನನ್ನು ಹಲವರು ತಮ್ಮ ಬಳಗಗಳಿಗೂ ಸೇರಿಸಿಕೊಂಡರು. ಒಂದು ದಿನ ಎಣಿಸಿದಾಗ ನಾನು 43 ಗುಂಪುಗಳಲ್ಲಿದ್ದೆ. ಗ್ರಂಥಾಲಯದಲ್ಲಿ ಪುಸ್ತಕಕ್ಕೆ ಹೊದಿಕೆ ಹಾಕುತ್ತಿದ್ದರೂ, ಪ್ರಸಾದಕ್ಕೆ ಕುಳಿತಿದ್ದರೂ ಬಲಗೈಯ ಹೆಬ್ಬೆರಳು ತನ್ನಷ್ಟಕ್ಕೆ ತಾನೇ ಮೊಬೈಲಿನ ಮೇಲೆ ಓಡಾಡುತ್ತಿತ್ತು. ಇಷ್ಟಲಿಂಗಪೂಜೆಗೆ ಕುಳಿತಾಗ ಎಡದ ಅಂಗೈಯ ಮೇಲೆ ಲಿಂಗವಿರುತ್ತಿತ್ತು, ಕಿವಿ ಮಾತ್ರ ಮೊಬೈಲಿನ ಸಪ್ಪಳಕ್ಕೆ ಕಾಯುತ್ತಿತ್ತು. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ. ಆದರೆ ಬರೆಯದೆ ಮುಂದಿನ ಮಾತು ಅರ್ಥವಾಗದು.

2023ರ ಬಸವ ಜಯಂತಿಯ ಮುನ್ನಾದಿನ ಮಠದಲ್ಲಿ ಸಿದ್ಧತೆಯ ಗದ್ದಲ. ರಾತ್ರಿ ಸಂಪುಟವನ್ನು ತೆರೆಯಲು ಸಮಯವಾಗಲಿಲ್ಲ. ಯಾವುದೋ ಬಳಗದಿಂದ ಬಸವಣ್ಣನವರ ಸುಂದರ ಚಿತ್ರವೊಂದು ಬಂದಿತ್ತು. ಅದರ ಕೆಳಗೆ ಆರೇಳು ಸಾಲುಗಳು, ಕೊನೆಯಲ್ಲಿ ಕೂಡಲಸಂಗಮದೇವನ ಅಂಕಿತ. ಓದಲು ಹಿತವಾಗಿತ್ತು. ಹಿಂದೆಮುಂದೆ ನೋಡದೆ ಅದನ್ನೇ ನಮ್ಮ ಬಳಗಕ್ಕೆ ಕಳಿಸಿದೆ. ಅಂದು ಬಂದಷ್ಟು ಮೆಚ್ಚುಗೆ ಅದಕ್ಕೆ ಹಿಂದೆ ಎಂದೂ ಬಂದಿರಲಿಲ್ಲ. ಸಂಜೆಯೊಳಗೆ ಅದೇ ಚಿತ್ರ ಬೇರೆ ಐದು ಗುಂಪುಗಳಿಂದ ನನಗೇ ಮರಳಿ ಬಂದಿತು. ನಾನು ಹಿಗ್ಗಿದೆ.

ಹದಿನೈದು ದಿನಗಳ ಮೇಲೆ ಒಬ್ಬ ನಿವೃತ್ತ ಮಾಸ್ತರರು ಮಠಕ್ಕೆ ಬಂದರು. ಎಪ್ಪತ್ತು ದಾಟಿದವರು, ನೂರಾರು ವಚನಗಳನ್ನು ಬಾಯಿಪಾಠವಾಗಿ ಬಲ್ಲವರು. ಗ್ರಂಥಾಲಯದಿಂದ ಒಯ್ದಿದ್ದ ಪುಸ್ತಕವನ್ನು ಮೇಜಿನ ಮೇಲಿಟ್ಟು, ಕನ್ನಡಕವನ್ನು ಸರಿಪಡಿಸಿಕೊಂಡು ಕೇಳಿದರು:

"ತಮ್ಮಾ, ಜಯಂತಿ ದಿವಸ ಒಂದು ವಚನ ಹಾಕಿದ್ರೆಲ್ಲ, ಅದು ಯಾವ ಸಂಪುಟದಾಗ ಐತಿ? ನಾ ಎಲ್ಲೂ ಓದಿಲ್ಲ. ವಯಸ್ಸಾತು, ಮರ್ತಿರಬೇಕು ಅಂತ ಕೇಳಾಕ ಬಂದ್ನಿ."

"ನೋಡಿ ಹೇಳ್ತೀನ್ರಿ ಗುರುಗಳ" ಎಂದೆ. ನನ್ನ ಎದೆಯಲ್ಲಿ ಆಗಲೇ ಅಳುಕು ಶುರುವಾಗಿತ್ತು. ಅವರು ಎದ್ದು ಬಾಗಿಲವರೆಗೆ ಹೋಗಿ, ಮತ್ತೆ ತಿರುಗಿ, ಬಹಳ ಮೆಲ್ಲಗೆ ಹೇಳಿದರು:

"ಮನಿಯಾಕಿ ಲಿಂಗೈಕ್ಯ ಆದ್ಳು ತಮ್ಮಾ. ಕಡೀಕ ಅಕ್ಕನ ವಚನ ಕೇಳಬೇಕು ಅಂತಿದ್ಳು. ನನಗ ಕಣ್ಣು ಹತ್ತವಲ್ದು, ಓದಾಕ ಬರೂದಿಲ್ಲ. ಅದಕ್ಕ ಗ್ರೂಪಿನ್ಯಾಗ ಹಾಕಿದ್ನಿ, ಯಾರರ ಬರ್ರಿ ಅಂತ. ಇರ್ಲಿ, ನಿಮಗೂ ಜಯಂತಿ ಗದ್ದಲ ಇತ್ತು."

ಅಷ್ಟು ಹೇಳಿ ಅವರು ಹೊರಟುಹೋದರು. ಅವರ ಧ್ವನಿಯಲ್ಲಿ ದೂರು ಇರಲಿಲ್ಲ. ದೂರಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ನಾನು ಬಳಗವನ್ನು ತೆರೆದು ಹಿಂದಕ್ಕೆ ಸರಿಸುತ್ತ ಹೋದೆ. ಜಯಂತಿಯ ದಿನ ಮುಂಜಾನೆ, ಶುಭಾಶಯದ ಚಿತ್ರಗಳ ನಡುವೆ, ಮೂರು ಸಾಲಿನ ಆ ಸಂದೇಶವಿತ್ತು. ಅದರ ಕೆಳಗೆ ಹನ್ನೊಂದು ಜನ ಕೈಮುಗಿದ ಚಿಹ್ನೆಯನ್ನು ಹಾಕಿದ್ದರು. ಯಾರೂ ಹೋಗಿರಲಿಲ್ಲ. ಆ ಹನ್ನೊಂದು ಜನರಲ್ಲಿ ನಾನೂ ಒಬ್ಬನಾಗಿದ್ದೆ. ಸಂದೇಶವನ್ನು ಓದದೆ, ಎಲ್ಲಕ್ಕೂ ಒತ್ತಿದಂತೆ ಅದಕ್ಕೂ ಒತ್ತಿದ್ದೆ. ಅವರ ಮನೆ ಮಠದಿಂದ ನಡೆದು ಹೋಗುವಷ್ಟು ದೂರದಲ್ಲಿದೆ.

ಅಂದು ರಾತ್ರಿ ಇನ್ನೊಂದು ಕೆಲಸವನ್ನೂ ಮುಗಿಸಿದೆ. ಕರ್ನಾಟಕ ಸರ್ಕಾರದ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯು ಡಾ. ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 1993ರಲ್ಲಿ ಹೊರತಂದ 15 ಸಮಗ್ರ ವಚನ ಸಂಪುಟಗಳು ನಮ್ಮ ಕಪಾಟಿನಲ್ಲಿವೆ. ಬಸವಣ್ಣನವರ ಸಂಪುಟದ ಆಕಾರಾದಿಯನ್ನು ನೋಡಿದೆ, ಇಲ್ಲ. ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳನ್ನು ಪದ ಹಿಡಿದು ಹುಡುಕಲು ಅನುವಾಗಿಸಿರುವ 'ವಚನ ಸಂಚಯ'ದಲ್ಲಿ ಹುಡುಕಿದೆ, ಅಲ್ಲಿಯೂ ಇಲ್ಲ. ಆಮೇಲೆ ಆ ಸಾಲುಗಳನ್ನು ನಿಧಾನವಾಗಿ ಓದಿದಾಗ, ಹನ್ನೆರಡನೆಯ ಶತಮಾನದ ಕನ್ನಡದಲ್ಲಿ ಇರಲಾರದ ಎರಡು ಪದಗಳು ಕಣ್ಣಿಗೆ ಬಿದ್ದವು. ಪ್ರಾಸವೂ ಈಗಿನ ಚಲನಚಿತ್ರ ಗೀತೆಯ ಪ್ರಾಸದಂತಿತ್ತು. ಯಾರೋ ಇತ್ತೀಚೆಗೆ ಕಟ್ಟಿ, ಕೊನೆಗೆ ಅಂಕಿತವನ್ನು ಅಂಟಿಸಿದ ರಚನೆಯದು. ಐದು ನಿಮಿಷದ ಕೆಲಸ. ಆ ಐದು ನಿಮಿಷವನ್ನು ನಾನು ಕೊಟ್ಟಿರಲಿಲ್ಲ.

ಮರುದಿನ ತಪ್ಪನ್ನು ಒಪ್ಪಿಕೊಂಡು ಬಳಗಕ್ಕೆ ಬರೆದೆ. ಕೆಲವರು ಓದಿದರು, ಯಾರೂ ಮುಂದಕ್ಕೆ ಕಳಿಸಲಿಲ್ಲ. ಆ ಚಿತ್ರ ಮಾತ್ರ ಇಂದಿಗೂ ವರ್ಷಕ್ಕೊಮ್ಮೆ ಯಾವುದಾದರೂ ಊರಿನಿಂದ ನನ್ನ ಬಳಿಗೆ ಮರಳಿ ಬರುತ್ತದೆ. ಸುಳ್ಳು ತಾನಾಗಿಯೇ ಹರಿದಾಡುತ್ತದೆ; ತಿದ್ದುಪಡಿಯನ್ನು ನಾವೇ ಹೊತ್ತುಕೊಂಡು ಮನೆಮನೆಗೆ ಹೋಗಬೇಕಾಗುತ್ತದೆ.

ಬಂಧುಗಳೆ, ಈ ಸ್ಥಿತಿಯಲ್ಲಿ ನನಗೆ ದಾರಿ ತೋರಿದವಳು ಆಯ್ದಕ್ಕಿ ಲಕ್ಕಮ್ಮ. ಮಾರಯ್ಯ-ಲಕ್ಕಮ್ಮ ದಂಪತಿಗಳ ಪ್ರಸಂಗವನ್ನು ಶೂನ್ಯಸಂಪಾದನೆ ವಿಸ್ತಾರವಾಗಿ ಹೇಳುತ್ತದೆ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಅವರ ಕಾಯಕ. ಒಂದು ದಿನ ಮಾರಯ್ಯ ಅಲ್ಲಮಪ್ರಭುವಿನೊಡನೆ ಅನುಭಾವ ಗೋಷ್ಠಿಯಲ್ಲಿ ಮುಳುಗಿ ಹೊತ್ತನ್ನೇ ಮರೆತ. ಲಕ್ಕಮ್ಮ ಬಂದು ಕಾಯಕ ನಿಂತಿರುವುದನ್ನು ನೆನಪಿಸಿದಳು. ಆತ ಅವಸರದಿಂದ ಹೋಗಿ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ. ಲಕ್ಕಮ್ಮ ಅದನ್ನು ಒಳಗೆ ಒಯ್ಯಲು ಒಪ್ಪಲಿಲ್ಲ. ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರಲು ಹೇಳಿದಳು.

ಈ ಪ್ರಸಂಗವನ್ನು ಅತಿಯಾಸೆಯ ಖಂಡನೆಯೆಂದು ನಾನು ಹತ್ತಾರು ಸಲ ಗೋಷ್ಠಿಯಲ್ಲಿ ವಿವರಿಸಿದ್ದೇನೆ. ನನ್ನ ಲೋಪದ ಬಳಿಕ ಓದಿದಾಗ ಬೇರೆ ಎರಡು ಸಂಗತಿಗಳು ಕಾಣಿಸಿದವು. ಮೊದಲನೆಯದು: ಮಾರಯ್ಯ ಮೈಮರೆತದ್ದು ಕೆಟ್ಟ ಹರಟೆಯಲ್ಲಲ್ಲ, ಪ್ರಭುದೇವರ ಸನ್ನಿಧಿಯ ಮಾತಿನಲ್ಲಿ. ಆದರೂ ಲಕ್ಕಮ್ಮ ಅವನನ್ನು ಎಬ್ಬಿಸಿದಳು. ಒಳ್ಳೆಯ ಮಾತೆಂಬ ಕಾರಣಕ್ಕೆ ಅದು ಕೈಯ ಕೆಲಸವನ್ನು ನುಂಗಬಾರದು. "ನಾನು ಮೊಬೈಲಿನಲ್ಲಿ ನೋಡುವುದು ವಚನವನ್ನೇ, ಪ್ರವಚನವನ್ನೇ" ಎಂಬ ನನ್ನ ಸಮಾಧಾನವನ್ನು ಇದು ಮುರಿಯಿತು. ಎರಡನೆಯದು: ಅಕ್ಕಿ ವಿಷವೆಂದು ಲಕ್ಕಮ್ಮ ಹೇಳಲಿಲ್ಲ. ಅಕ್ಕಿ ಒಳ್ಳೆಯದೇ. ಅವಳು ಕೇಳಿದ್ದು ಇಂದಿನ ದಾಸೋಹಕ್ಕೆ ಎಷ್ಟು ಬೇಕೆಂಬುದನ್ನು. ಮೊಬೈಲು ಒಳ್ಳೆಯದೋ ಕೆಟ್ಟದ್ದೋ ಎಂಬ ವಾದದಲ್ಲಿ ನಾವು ಎಷ್ಟೋ ಕಾಲ ಕಳೆಯುತ್ತೇವೆ. ಕೇಳಬೇಕಾದ ಪ್ರಶ್ನೆ ಅದಲ್ಲ. ಯಾರಿಗೆ, ಯಾತಕ್ಕೆ, ಎಷ್ಟು?

ಈ ಪ್ರಶ್ನೆಯನ್ನು ಆ ಯಂತ್ರ ತಾನಾಗಿ ಎಂದೂ ಕೇಳುವುದಿಲ್ಲ. ವಚನ ಸಂಪುಟಕ್ಕೆ ಕೊನೆಯ ಪುಟವಿದೆ, ಪುರಾಣಕ್ಕೆ ಮಂಗಲವಿದೆ, ದಿನಪತ್ರಿಕೆಯೂ ಮುಗಿಯುತ್ತದೆ. ಫೇಸ್‌ಬುಕ್ಕಿಗೆ, ಇನ್‌ಸ್ಟಾಗ್ರಾಮಿನ ರೀಲುಗಳಿಗೆ ಕೊನೆಯ ಪುಟವೇ ಇಲ್ಲ. ಬೆರಳು ಸರಿಸಿದಷ್ಟೂ ಹೊಸದು ಬರುವಂತೆ ಅವುಗಳನ್ನು ರೂಪಿಸಲಾಗಿದೆ. ನಾವು ಅಲ್ಲಿ ಕಳೆಯುವ ಹೊತ್ತೇ ಜಾಹೀರಾತಿನ ಮೂಲಕ ಆ ಸಂಸ್ಥೆಗಳ ಆದಾಯವಾಗುವುದರಿಂದ, ಸಾಕು ಎಂಬ ಮಾತನ್ನು ಅವು ನಮ್ಮ ಪರವಾಗಿ ಹೇಳಲಾರವು. ಆ ಅಂಗಳದಲ್ಲಿ ಅಕ್ಕಿ ಮುಗಿಯುವುದಿಲ್ಲ. ಸಾಕೆನ್ನುವ ಲಕ್ಕಮ್ಮನನ್ನು ನಮ್ಮೊಳಗೇ ಕೂರಿಸಿಕೊಳ್ಳಬೇಕು.

ಅಳತೆ ತಪ್ಪಿದರೆ ಹೋಗುವುದು ಹೊತ್ತು ಮಾತ್ರವಲ್ಲ. 2018ರ ಜುಲೈ 13ರಂದು ಬೀದರ ಜಿಲ್ಲೆಯ ಮುರ್ಕಿ ಎಂಬ ಹಳ್ಳಿಯ ಬಳಿ, ಮಕ್ಕಳಿಗೆ ಚಾಕೊಲೇಟು ಕೊಟ್ಟವರನ್ನು ಮಕ್ಕಳ ಕಳ್ಳರೆಂದು ಬಗೆದು, ವಾಟ್ಸಾಪಿನಲ್ಲಿ ಹಬ್ಬಿದ ವದಂತಿಯಿಂದ ಕೆರಳಿದ ಗುಂಪು ಹಲ್ಲೆ ಮಾಡಿತು. ಹೈದರಾಬಾದಿನಿಂದ ಬಂದಿದ್ದ ಒಬ್ಬ ಯುವ ಇಂಜಿನಿಯರ್ ಪ್ರಾಣವನ್ನೇ ಕಳೆದುಕೊಂಡ. ಬಸವಕಲ್ಯಾಣವಿರುವ ಜಿಲ್ಲೆಯಲ್ಲಿ ಇದು ನಡೆಯಿತೆಂಬುದನ್ನು ನೆನೆದಾಗ ಮನಸ್ಸು ಮೂಕವಾಗುತ್ತದೆ. ಅಂಥ ಸಾವುಗಳ ಬಳಿಕ ಅದೇ ತಿಂಗಳು ವಾಟ್ಸಾಪ್ ಸಂಸ್ಥೆಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆ ಮಾತ್ರ ಮುಂದೂಡಬಹುದೆಂಬ ಮಿತಿಯನ್ನು ತರಲು ಮುಂದಾಯಿತು. 2020ರ ಏಪ್ರಿಲಿನಿಂದ, ಹಲವು ಕೈ ದಾಟಿ ಬಂದು ಎರಡು ಬಾಣಗಳ ಗುರುತು ಹೊತ್ತ ಸಂದೇಶವನ್ನು ಒಮ್ಮೆಗೆ ಒಂದೇ ಕಡೆ ಕಳಿಸಲು ಸಾಧ್ಯ. ಆ ಎರಡು ಬಾಣಗಳು ಕಂಡೊಡನೆ ಇದನ್ನು ಬರೆದವರನ್ನು ಕಳಿಸಿದವರೂ ಬಲ್ಲರೆಂಬ ಭರವಸೆ ಇಲ್ಲವೆಂದು ತಿಳಿದು ನಿಲ್ಲಬೇಕು. ಜಯಂತಿಯ ಮುನ್ನಾದಿನ ನಾನು ನೋಡಬೇಕಾಗಿದ್ದದ್ದು ಇಂಥ ಗುರುತನ್ನೇ. ನನ್ನ ತಪ್ಪಿನಿಂದ ಯಾರ ಪ್ರಾಣವೂ ಹೋಗಲಿಲ್ಲ ನಿಜ. ಆದರೆ ಓದದೆ ಕಳಿಸುವ ಬೆರಳು ಅಲ್ಲಿಯೂ ಇಲ್ಲಿಯೂ ಒಂದೇ.

ನಾವಿರುವ ಸೀಮೆಯನ್ನೊಮ್ಮೆ ನೆನೆಯೋಣ. ಕಲ್ಯಾಣಕ್ರಾಂತಿಯ ಬಳಿಕ ಚೆನ್ನಬಸವಣ್ಣನವರ ಜೊತೆ ಶರಣರ ತಂಡವು ವಚನದ ಕಟ್ಟುಗಳನ್ನು ಹೊತ್ತು ಈ ಮಲಪ್ರಭೆಯ ದಡದಲ್ಲೇ ಉಳವಿಯತ್ತ ಸಾಗಿತೆಂದು ಪರಂಪರೆ ಹೇಳುತ್ತದೆ. ಗಂಗಾಂಬಿಕೆ ತಾಯಿಯ ಐಕ್ಯಸ್ಥಳ ಮುಗಟಖಾನ ಹುಬ್ಬಳ್ಳಿಯಲ್ಲಿ, ನದಿಯ ಒಡಲಲ್ಲೇ ಇದೆ. ಮುಂದೆ ಶತಮಾನಗಳ ಮೇಲೆ ಧಾರವಾಡದಲ್ಲಿ ಹುಟ್ಟಿ ವಿಜಯಪುರದಲ್ಲಿ ವಕೀಲಿ ಮಾಡುತ್ತಿದ್ದ ಫ.ಗು. ಹಳಕಟ್ಟಿಯವರು ಮನೆಮನೆ ತಿರುಗಿ ತಾಡೋಲೆಗಳನ್ನು ಕೂಡಿಸಿದರು. ಅವರ 'ವಚನಶಾಸ್ತ್ರಸಾರ' 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. ಮುದ್ರಣಕ್ಕಾಗಿ ಸ್ವಂತ ಮನೆಯನ್ನು ಮಾರಿ 'ಹಿತಚಿಂತಕ' ಮುದ್ರಣಾಲಯವನ್ನು ಸ್ಥಾಪಿಸಿ, 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. ಒಂದು ವಚನವನ್ನು ಒಬ್ಬ ಓದುಗನಿಗೆ ಮುಟ್ಟಿಸಲು ಅವರು ತೆತ್ತ ಬೆಲೆ ಎಂಥದು! ನಾವು ಒಂದು ಬೆರಳಿನಿಂದ ಸಾವಿರ ಜನರಿಗೆ ಮುಟ್ಟಿಸುತ್ತೇವೆ. ಈ ಸೌಲಭ್ಯವನ್ನು ನಾನು ಹಳಿಯುವುದಿಲ್ಲ. ಹಳಕಟ್ಟಿಯವರಿಗೆ ಇದು ದೊರೆತಿದ್ದರೆ ಖಂಡಿತವಾಗಿ ಬಳಸುತ್ತಿದ್ದರು. ಆದರೆ ಪಾಠವನ್ನು ಒಪ್ಪವಿಟ್ಟು ನೋಡದೆ ಅವರು ಒಂದನ್ನೂ ಕಳಿಸುತ್ತಿರಲಿಲ್ಲ ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಈ ಸಾಧನದಿಂದಾದ ಉಪಕಾರವನ್ನೂ ಹೇಳದಿದ್ದರೆ ಮಾತು ಅರೆಯಾಗುತ್ತದೆ. 2019ರ ಆಗಸ್ಟಿನಲ್ಲಿ ನವಿಲುತೀರ್ಥದ ಜಲಾಶಯದಿಂದ ನೀರು ಬಿಟ್ಟಾಗ ಮಲಪ್ರಭೆ ಉಕ್ಕಿ ಸವದತ್ತಿ, ರಾಮದುರ್ಗ ತಾಲೂಕುಗಳ ಊರುಗಳು ನೀರು ಪಾಲಾದವು. ಆಗ ನಮಗೆ ಕೈಕೊಟ್ಟು ನಡೆಸಿದ್ದು ವಾಟ್ಸಾಪೇ. ಯಾವ ಊರಿನ ಶಾಲೆಯಲ್ಲಿ ಎಷ್ಟು ಜನ ಇದ್ದಾರೆ, ರೊಟ್ಟಿ ಬೇಕೋ ಚಾದರ ಬೇಕೋ ಎಂಬುದು ತಾಸಿನೊಳಗೆ ತಿಳಿಯುತ್ತಿತ್ತು. ಊರು, ದಿನಾಂಕ, ಬೇಕಾದ ವಸ್ತು, ಸಂಪರ್ಕಿಸಬೇಕಾದವರ ಹೆಸರು ಇದ್ದ ಸಂದೇಶಗಳು ನಿಜವಾಗಿ ದಾಸೋಹವಾದವು. ದಿನಾಂಕವಿಲ್ಲದ ಸಂದೇಶಗಳು ನೀರು ಇಳಿದ ಮೇಲೂ ತಿರುಗಾಡಿ, ಬಟ್ಟೆ ರಾಶಿ ಬಿದ್ದಲ್ಲಿಗೇ ಮತ್ತೆ ಬಟ್ಟೆ ಹೊತ್ತು ಬರುವಂತೆ ಮಾಡಿದವು. ಒಂದೇ ಸಾಧನ, ಅಳತೆಯಿದ್ದಾಗ ಅನ್ನವಾಯಿತು, ಅಳತೆ ತಪ್ಪಿದಾಗ ಹೊರೆಯಾಯಿತು.

ಪೂಜ್ಯರ ಮುಂದೆ ನನ್ನ ತಪ್ಪನ್ನು ನಿವೇದಿಸಿಕೊಂಡು, ಅವರ ಅಪ್ಪಣೆಯಂತೆ ಕೆಲವು ಕಟ್ಟಳೆಗಳನ್ನು ಹಾಕಿಕೊಂಡೆ. ಉಪದೇಶವೆಂದಲ್ಲ, ಉಪಯೋಗವಾದೀತೆಂದು ಇಲ್ಲಿ ಹೇಳುತ್ತೇನೆ.

43 ಗುಂಪುಗಳಲ್ಲಿ 6ನ್ನು ಉಳಿಸಿಕೊಂಡು ಮಿಕ್ಕವುಗಳಿಂದ ಹೊರಬಂದೆ. ಹೊರಬರುವಾಗ ಯಾರಾದರೂ ತಪ್ಪು ತಿಳಿದಾರೆಂಬ ಭಯವಿತ್ತು. ಬಹುತೇಕರು ಗಮನಿಸಲೂ ಇಲ್ಲ. ಉಳಿದವುಗಳ ಸಪ್ಪಳವನ್ನು ಕಾಯಂ ಆಗಿ ಆರಿಸಿದೆ. ಕರೆ ಬಂದರೆ ಮಾತ್ರ ಮೊಬೈಲು ದನಿ ಮಾಡುತ್ತದೆ. ಚಿತ್ರ, ವಿಡಿಯೋಗಳು ತಾವಾಗಿಯೇ ಇಳಿಯದಂತೆ ಮಾಡಿದೆ. ಮುಂಜಾನೆ ಪೂಜೆ-ಪ್ರಸಾದದ ನಂತರ ಅರ್ಧ ತಾಸು, ಸಂಜೆ ಅರ್ಧ ತಾಸು. ಮಿಕ್ಕ ಹೊತ್ತು ಅದು ಗ್ರಂಥಾಲಯದ ಕಪಾಟಿನಲ್ಲಿರುತ್ತದೆ. ಮೊದಲ ಎರಡು ವಾರ ಕೈ ತಾನಾಗಿ ಜೇಬಿಗೆ ಹೋಗುತ್ತಿತ್ತು. ಜೇಬು ಬರಿದಾದುದನ್ನು ಕಂಡಾಗಲೆಲ್ಲ, ನಾನು ಹುಡುಕುತ್ತಿರುವುದಾದರೂ ಏನೆಂದು ನನ್ನನ್ನೇ ಕೇಳಿಕೊಂಡೆ. ಹೆಚ್ಚಿನ ಸಲ ಉತ್ತರವಿರಲಿಲ್ಲ.

ಮಠದ ಬಳಗಕ್ಕೆ ದಿನಕ್ಕೊಂದರ ಬದಲು ವಾರಕ್ಕೆ ಮೂರು ವಚನ. ಪ್ರತಿಯೊಂದಕ್ಕೂ ಸಂಪುಟದ ಹಾಗೂ ವಚನದ ಸಂಖ್ಯೆ ಕಡ್ಡಾಯ. ಸಂಖ್ಯೆ ಸಿಗದಿದ್ದರೆ ಕಳಿಸುವುದಿಲ್ಲ. ಆ ಬಳಗದಲ್ಲಿ ನಡೆಸುವವರು ಮಾತ್ರ ಬರೆಯುವಂತೆ ಮಾಡಿ, ಶುಭೋದಯದ ಚಿತ್ರಗಳನ್ನು ನಿಲ್ಲಿಸಿದೆವು. ಕೆಲವರು ಬೇಸರಪಟ್ಟು ಹೊರಹೋದರು, ಹೋಗಲಿ. ಭಕ್ತರ ಅಗತ್ಯಗಳಿಗಾಗಿ ಬೇರೆ ಒಂದು ನಂಬರನ್ನು ಇಟ್ಟಿದ್ದೇವೆ. ಅದಕ್ಕೆ ಬಂದ ಪ್ರತಿಯೊಂದು ಮಾತನ್ನೂ ಮೇಜಿನ ಮೇಲಿನ ದಪ್ಪ ವಹಿಯಲ್ಲಿ ಬರೆದು, ಯಾರು ಹೋದರು, ಏನಾಯಿತು ಎಂದು ಎದುರಿಗೆ ನಮೂದಿಸುತ್ತೇವೆ. ಇನ್ನೊಂದು ಕಟ್ಟಳೆ ನನ್ನೊಬ್ಬನದು: ದುಃಖದ ಸಂದೇಶಕ್ಕೆ ಕೈಮುಗಿದ ಚಿಹ್ನೆಯನ್ನು ಹಾಕುವುದಿಲ್ಲ. ಹೋಗುತ್ತೇನೆ, ಹೋಗಲಾಗದಿದ್ದರೆ ಫೋನು ಮಾಡಿ ಮಾತಾಡುತ್ತೇನೆ.

ಇಂಥ ಕಟ್ಟಳೆಯನ್ನು ಊರೇ ಕೂಡಿ ಹಾಕಿಕೊಂಡ ನಿದರ್ಶನ ನಮ್ಮ ನೆರೆಯಲ್ಲಿದೆ. ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವದಲ್ಲಿ 2022ರಿಂದ ಸಂಜೆ 7 ಗಂಟೆಗೆ ಗುಡಿಯಿಂದ ಸೈರನ್ ಮೊಳಗಿಸಿ, ಒಂದೂವರೆ ತಾಸು ಟಿ.ವಿ., ಮೊಬೈಲುಗಳನ್ನು ಆರಿಸಿ, ಮಕ್ಕಳನ್ನು ಓದಿಗೆ ಕೂರಿಸುವ ಪದ್ಧತಿಯನ್ನು ಗ್ರಾಮಸ್ಥರು ಆರಂಭಿಸಿದರು. ದೂರದ ಆಸ್ಟ್ರೇಲಿಯಾ ದೇಶವು 2025ರ ಡಿಸೆಂಬರ್ 10ರಿಂದ 16 ವರ್ಷದೊಳಗಿನ ಮಕ್ಕಳು ಪ್ರಮುಖ ಸಾಮಾಜಿಕ ಜಾಲತಾಣಗಳಲ್ಲಿ ಖಾತೆ ಹೊಂದದಂತೆ ಕಾನೂನನ್ನು ಜಾರಿಗೆ ತಂದಿತು. ಮಕ್ಕಳಿಗೆ ಕಾನೂನು ಬೇಕಾಗಬಹುದು. ಆದರೆ ಅಂದು ಜಯಂತಿಯ ಮುಂಜಾನೆ ಮೈಮರೆತವನು ಮಗುವಲ್ಲ, ವಚನಗಳಿಗೆ ಅರ್ಥ ಹೇಳುವ ದೊಡ್ಡವನು. ದೊಡ್ಡವರಿಗೆ ಸೈರನ್ ಊದುವವರು ಯಾರು? ಮನೆಯಲ್ಲಿ ಒಬ್ಬ ಲಕ್ಕಮ್ಮ ಇದ್ದು "ಸಾಕು, ಏಳು" ಎಂದು ಹೇಳಿದರೆ, ಸಿಟ್ಟಾಗದೆ ಏಳುವುದು ಮಾರಯ್ಯನಿಂದ ನಾವು ಕಲಿಯಬೇಕಾದ ವಿನಯ.

ಮಾಸ್ತರರ ಮನೆಗೆ ನಾನು ಆ ವಾರವೇ ಹೋದೆ. ಕ್ಷಮೆ ಕೇಳಿದೆ, ಅವರು ಆ ಮಾತನ್ನು ಮುಂದುವರಿಸಗೊಡಲಿಲ್ಲ. ಅಕ್ಕನ ವಚನಗಳ ಸಂಪುಟವನ್ನು ಒಯ್ದಿದ್ದೆ. "ಓದ್ಲೇನ್ರಿ?" ಎಂದು ಕೇಳಿದೆ. "ಓದು ತಮ್ಮಾ" ಎಂದರು. ಗೋಡೆಯ ಮೇಲಿನ ಭಾವಚಿತ್ರದ ಮುಂದೆ ಕುಳಿತು ಒಂದು ತಾಸು ಓದಿದೆ. ಕೇಳಬೇಕಾದವರು ಅಲ್ಲಿರಲಿಲ್ಲ. ಓದು ಮುಗಿದ ಮೇಲೆ ಅವರು, "ಮುಂದಿನ ಸೋಮವಾರ ಬರ್ತೀಯೇನು?" ಎಂದು ಕೇಳಿದರು.

ಅಂದಿನಿಂದ ಸೋಮವಾರ ಸಂಜೆ ಅವರ ಮನೆಗೆ ಹೋಗಿ ಓದುತ್ತೇನೆ. ಮೊಬೈಲನ್ನು ಮಠದಲ್ಲಿಯೇ ಬಿಟ್ಟು ಹೋಗುತ್ತೇನೆ. ಈಗ ಓಣಿಯ ನಾಲ್ಕಾರು ತಾಯಂದಿರೂ ಬಂದು ಕೂಡುತ್ತಾರೆ. ನಾನು ಒಂದು ಪದವನ್ನು ತಪ್ಪಿ ಓದಿದರೆ ಮಾಸ್ತರರು ಕಣ್ಣು ಮುಚ್ಚಿಕೊಂಡೇ ತಿದ್ದುತ್ತಾರೆ.